ಹೆಂಗಸರೆಲ್ಲ ‘ಇಲ್ಲ’ ಅಂದರೆ ಫಾರಂ ಮುಚ್ಚಬೇಡಿ: ಕುಡಿತದ ಸರ್ವೆಗೆ ಹೊರಟವರಿಗೆ

ಪ್ರತಿ ವರ್ಷ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುವ ಯಾರಾದರೂ ಒಬ್ಬರು ನನಗೆ ಫೋನ್ ಮಾಡುತ್ತಾರೆ. ವಿಷಯ ಒಂದೇ. "ಅಕ್ಕಾ, ಗಂಡಸರು ಹೆಂಗಸರ ಕುಡಿತದ ಅಭ್ಯಾಸ ಅಂತ ಪ್ರಾಜೆಕ್ಟ್ ತೆಗೆದುಕೊಂಡಿದ್ದೇವೆ. ಹೆಂಗಸರೆಲ್ಲ ಇಲ್ಲ ಇಲ್ಲ ಅಂತಲೇ ಹೇಳುತ್ತಾರೆ, ಎಂಥ ಮಾಡುವುದು?" ಒಬ್ಬೊಬ್ಬರಿಗೆ ಹೇಳಿ ಸಾಕಾಯಿತು. ಹಾಗಾಗಿ ಒಮ್ಮೆ ಬರೆದೇ ಬಿಡುತ್ತೇನೆ.

ನನ್ನದೂ ಇದೇ ಕತೆ ಆಗಿತ್ತು. ಓದುವಾಗ ಉಡುಪಿ-ಮಂಗಳೂರು ಕಡೆಯ ಕಾಪು, ಶಿರ್ವ, ಮೂಲ್ಕಿಯಲ್ಲಿ ಮನೆಮನೆ ಸುತ್ತಿದ್ದೆ. ಕೈಯಲ್ಲಿ ಕಾಲೇಜಿನವರು ಕೊಟ್ಟ ಫಾರಂ. ಮೊದಲ ಪ್ರಶ್ನೆಯೇ "ನೀವು ಮದ್ಯಪಾನ ಮಾಡುತ್ತೀರಾ? ಹೌದು / ಇಲ್ಲ". ಇಲ್ಲ ಅಂದರೆ ಮುಂದಿನ ಎರಡು ಪುಟ ಹಾರಿಸಿ ಕೊನೆಗೆ ಹೋಗಬೇಕು. ಹದಿನೈದು ದಿನ ಬಿಸಿಲಲ್ಲಿ ತಿರುಗಿದ ಮೇಲೆ ನೋಡಿದರೆ ಹೆಂಗಸರ ಫಾರಂಗಳಲ್ಲಿ ಒಂದೇ ಒಂದು ಹೌದು ಇರಲಿಲ್ಲ. ಗಂಡಸರದ್ದು ಬೇರೆ ರಗಳೆ, ಎಲ್ಲರೂ "ಹೀಗೆ ಯಾವಾಗಲಾದರೊಮ್ಮೆ".

ಶಿರ್ವದ ಹತ್ತಿರ ಒಂದು ಕ್ಯಾಥೊಲಿಕ್ ಮನೆ. ಅಜ್ಜಿಗೆ ಎಪ್ಪತ್ತು ದಾಟಿತ್ತು. ಮದ್ಯಪಾನದ ಪ್ರಶ್ನೆಗೆ ಅವರು ಶಿಲುಬೆ ಗುರುತು ಹಾಕಿಕೊಳ್ಳುವುದೊಂದು ಬಾಕಿ. ಇಲ್ಲವೇ ಇಲ್ಲ. ನಾನು ಫಾರಂ ಮುಚ್ಚಿ ಚೀಲಕ್ಕೆ ಹಾಕಿದೆ. ಆಗ ಅಜ್ಜಿ ಎದ್ದು ಒಳಗೆ ಹೋದರು. ಮೆಟ್ಟಿಲ ಕೆಳಗಿನಿಂದ ಬಟ್ಟೆ ಕಟ್ಟಿದ ಭರಣಿ ತಂದು, ನನಗೊಂದು ಸಣ್ಣ ಗ್ಲಾಸಿಗೆ ಸುರಿದರು, ತನಗೊಂದು ಸ್ಟೀಲ್ ಲೋಟಕ್ಕೆ ಸುರಿದರು. ಬೀಟ್‌ರೂಟ್ ವೈನ್. "ಅಜ್ಜಿ, ನೀವು ಇಲ್ಲ ಅಂದಿರಿ ಅಲ್ವಾ?" ಅಂದೆ. "ಇದು ವೈನ್ ಬಾಯೀ. ಕುಡಿಯುವುದು ಅಂದರೆ ನನ್ನ ಗಂಡ ಕುಡಿಯುತ್ತಿದ್ದರಲ್ಲ, ಅದು" ಅಂದರು. ಅವರು ಸುಳ್ಳು ಹೇಳಿರಲಿಲ್ಲ. ನನ್ನ ಪ್ರಶ್ನೆಯೇ ಹಾಳಾಗಿತ್ತು.

ಹಾಗಾಗಿ ಮೊದಲನೆಯ ಕೆಲಸ, "ಕುಡಿಯುತ್ತೀರಾ" ಅನ್ನುವ ಮಾತನ್ನು ಫಾರಂನಿಂದ ತೆಗೆಯಿರಿ. ನಮ್ಮ ಕಡೆ ಆ ಮಾತು ಗಂಡಸಿನ ಮಾತು. ತುಳುವಿನಲ್ಲಿ "ಈರ್ ಪರ್ಪರಾ?" ಅಂತ ಕೇಳಿದರೆ ನೀರೋ ಚಾವೋ ಅಂತ ಯಾರೂ ಯೋಚಿಸುವುದಿಲ್ಲ. ಬಾರಲ್ಲಿ ಕೂತು, ರಾತ್ರಿ ತೂರಾಡುತ್ತ ಬಂದು, ಮನೆಯವರಿಗೆ ಉಪದ್ರ ಕೊಡುವ ಒಬ್ಬ ಮನುಷ್ಯ ಕಣ್ಣಮುಂದೆ ಬರುತ್ತಾನೆ. ಆ ಚಿತ್ರದೊಳಗೆ ಹೆಂಗಸು ತನ್ನನ್ನು ತಾನು ಹಾಕಿಕೊಳ್ಳುವುದಿಲ್ಲ. ಗಂಡಸೂ ಹಾಕಿಕೊಳ್ಳುವುದಿಲ್ಲ ಅನ್ನಿ, ಅವನ ಲೆಕ್ಕದಲ್ಲಿ ಕುಡುಕ ಯಾವಾಗಲೂ ಪಕ್ಕದ ಮನೆಯವನು.

ಬದಲಿಗೆ ವಸ್ತುವಿನ ಹೆಸರು ಹಿಡಿದು ಕೇಳಿ, ಸಂದರ್ಭ ಹಿಡಿದು ಕೇಳಿ. "ಕಳೆದ ಕ್ರಿಸ್‌ಮಸ್‌ಗೆ ಮನೆಯಲ್ಲಿ ವೈನ್ ಮಾಡಿದ್ದಿರಾ? ನಿಮ್ಮ ಪಾಲಿಗೆ ಎಷ್ಟು ಬಂತು?" "ರೋಸ್‌ಗೆ ಹೋದಾಗ ಟೋಸ್ಟ್ ಎತ್ತುವಾಗ ಗ್ಲಾಸಲ್ಲಿ ಏನಿತ್ತು?" (ರೋಸ್ ಅಂದರೆ ಇಲ್ಲಿನ ಕ್ಯಾಥೊಲಿಕರ ಮದುವೆಯ ಮೊದಲಿನ ಶಾಸ್ತ್ರ.) "ಬೇಸಿಗೆಯಲ್ಲಿ ಶೇಂದಿ ತರಿಸುವ ಕ್ರಮ ಉಂಟಾ? ಮೀನು ಸಾರಿನ ಜೊತೆ ನೀವೂ ಒಂದು ಗುಟುಕು ತೆಗೆದುಕೊಳ್ಳುತ್ತೀರಾ?" "ಬಾಣಂತನದಲ್ಲಿ ಬ್ರಾಂಡಿ ಕೊಟ್ಟಿದ್ದರಾ?" ಈ ಕೊನೆಯದ್ದಕ್ಕೆ ಹಳಬರಲ್ಲಿ ಬಾಯಿ ಬಿಡದವರೇ ಕಡಿಮೆ, ಜಾತಿ ಮತ ಅಂತಿಲ್ಲ. ಔಷಧಿ ಅಂದ ಕೂಡಲೇ ನಾಚಿಕೆ ಹೋಗುತ್ತದೆ. ಸಣ್ಣ ವಯಸ್ಸಿನವರಿಗೆ ಬೇರೆ ಪಟ್ಟಿ ಬೇಕು: ಬ್ರೀಜರ್, ಬಿಯರ್, ಗೋವಾ ಟ್ರಿಪ್, ಆಫೀಸ್ ಪಾರ್ಟಿ. "ನೀವು ತೆಗೆದುಕೊಂಡಿದ್ದೀರಾ" ಅನ್ನುವುದಕ್ಕಿಂತ "ಕೊನೆಯ ಸಲ ಯಾವಾಗ" ಅಂತ ಕೇಳಿದರೆ ಉತ್ತರ ಸುಲಭವಾಗಿ ಬರುತ್ತದೆ, ಇಲ್ಲದವರು ಹೇಗೂ "ಯಾವತ್ತೂ ಇಲ್ಲ" ಅಂತ ಹೇಳಿಯೇ ಹೇಳುತ್ತಾರೆ.

ದೊಡ್ಡ ಸರ್ವೆಗಳ ಲೆಕ್ಕ ಒಂದೆರಡು ತಲೆಯಲ್ಲಿ ಇರಲಿ, ವೈವಾದಲ್ಲಿ ಕೇಳಿಯೇ ಕೇಳುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 15 ವರ್ಷ ದಾಟಿದ ಗಂಡಸರಲ್ಲಿ ನೂರಕ್ಕೆ ಸುಮಾರು 19 ಮಂದಿ, ಹೆಂಗಸರಲ್ಲಿ ನೂರಕ್ಕೆ ಒಬ್ಬರಿಗಿಂತ ಸ್ವಲ್ಪ ಹೆಚ್ಚು ಮದ್ಯ ತೆಗೆದುಕೊಳ್ಳುತ್ತಾರೆ. 2019ರಲ್ಲಿ ದೆಹಲಿಯ ಏಮ್ಸ್‌ನವರು ಕೇಂದ್ರ ಸರಕಾರಕ್ಕೆ ಕೊಟ್ಟ ವರದಿಯಲ್ಲಿ ಗಂಡಸರದ್ದು 27.3, ಹೆಂಗಸರದ್ದು 1.6. ಅಂದರೆ ಒಬ್ಬ ಹೆಂಗಸಿಗೆ ಹದಿನೇಳು ಗಂಡಸರು. ಇದನ್ನು ನೋಡಿ "ಭಾರತದ ಹೆಂಗಸರು ಕುಡಿಯುವುದಿಲ್ಲ" ಅಂತ ಒಂದೇ ಸಾಲಲ್ಲಿ ಬರೆದು ಮುಗಿಸಬೇಡಿ. ಅದೇ ಕುಟುಂಬ ಸಮೀಕ್ಷೆಯಲ್ಲಿ ಅರುಣಾಚಲ ಪ್ರದೇಶದ ಸಾಲು ನೋಡಿ: ಗಂಡಸರು ನೂರಕ್ಕೆ 53, ಹೆಂಗಸರು 24. ಹದಿನೇಳಕ್ಕೆ ಒಂದು ಎಲ್ಲಿ, ಎರಡಕ್ಕೆ ಒಂದು ಎಲ್ಲಿ!

ಅಲ್ಲಿ ಅಕ್ಕಿಯಿಂದ ಅಪೊಂಗ್ ಅನ್ನುವ ಮದ್ಯ ಮಾಡುವುದು ಮನೆಯ ಹೆಂಗಸರು. ಮನೆಯಲ್ಲೇ ಮಾಡುತ್ತಾರೆ, ಹಬ್ಬಕ್ಕೆ, ನೆಂಟರಿಗೆ, ಮನೆಯಲ್ಲೇ ಬಡಿಸುತ್ತಾರೆ. ನನಗೆ ಅನ್ನಿಸುವುದು ಇಷ್ಟು, ಮದ್ಯ ಅಡಿಗೆ ಮನೆಯಲ್ಲಿ ಇರುವ ತನಕ ಗಂಡು ಹೆಣ್ಣಿನ ಅಂತರ ಕಡಿಮೆ, ಅದು ಅಂಗಡಿಗೆ ಹೋದ ದಿನ ಅಂತರ ಹೆಚ್ಚುತ್ತದೆ. ವೈನ್ ಶಾಪಿನ ಕೌಂಟರ್ ಎದುರು ನಿಲ್ಲಲು ನಮ್ಮೂರಲ್ಲಿ ಯಾವ ಹೆಂಗಸಿಗೆ ಧೈರ್ಯ ಉಂಟು ಹೇಳಿ. ಶಿರ್ವದ ಅಜ್ಜಿಯ ಭರಣಿಗೆ ಆ ಧೈರ್ಯ ಬೇಕಾಗಿಲ್ಲ. ಆದ್ದರಿಂದ ಫಾರಂನಲ್ಲಿ "ಎಲ್ಲಿ" ಅನ್ನುವ ಪ್ರಶ್ನೆ ಇರಲೇಬೇಕು, ಮತ್ತು "ಯಾರು ತಂದದ್ದು" ಅನ್ನುವುದೂ ಇರಬೇಕು. ಬಿಯರ್ ಕುಡಿಯುವ ಹುಡುಗಿಯರನ್ನು ಕೇಳಿ ನೋಡಿ, ಅಂಗಡಿಗೆ ಹೋಗಿ ತರುವುದು ಹೆಚ್ಚಾಗಿ ಗಂಡನೋ, ತಮ್ಮನೋ, ಕ್ಲಾಸ್‌ಮೇಟ್ ಹುಡುಗನೋ.

ಇನ್ನು ಸಮುದಾಯದ ವಿಷಯ. ಇಲ್ಲಿ ಹುಷಾರಾಗಿರಿ. ಬಿಲ್ಲವರು ಅಂದರೆ ಮೂರ್ತೆ (ಶೇಂದಿ ಇಳಿಸುವ ಕಸುಬು), ಕ್ಯಾಥೊಲಿಕರು ಅಂದರೆ ವೈನ್, ಬ್ಯಾರಿ ಮುಸ್ಲಿಮರು ಮುಟ್ಟುವುದಿಲ್ಲ, ಬ್ರಾಹ್ಮಣರ ಮನೆಗೆ ಹೋಗುವುದೇ ಬೇಡ ಅಂತ ಮೊದಲೇ ತೀರ್ಮಾನ ಮಾಡಿ ಹೊರಟರೆ ಸರ್ವೆ ಯಾಕೆ, ಮನೆಯಲ್ಲೇ ಕೂತು ಬರೆಯಬಹುದಿತ್ತಲ್ಲ. ಮೂರ್ತೆ ಕಸುಬಿನ ಒಂದು ಮನೆಯಲ್ಲಿ ನನಗೆ ಸಿಕ್ಕಿದ ಹೆಂಗಸು ಹನಿ ಶೇಂದಿಯನ್ನೂ ಬಾಯಿಗೆ ಹಾಕಿದವರಲ್ಲ. ಮಾವ ತಾಳೆ ಮರದಿಂದ ಇಳಿಸಿದ್ದನ್ನು ಕಾಯಿಸಿ ಓಲೆಬೆಲ್ಲ ಮಾಡುವುದು ಅವರ ಕೆಲಸವಾಗಿತ್ತು, ಆ ವಾಸನೆಯೇ ಸಾಕಾಗಿ ಹೋಗಿತ್ತಂತೆ. ದೈವಕ್ಕೆ ಕಲಿ (ಶೇಂದಿ) ಬಡಿಸುವ ಕ್ರಮ ಇರುವ ಮನೆಗಳಲ್ಲೂ ಅದು ದೈವದ ಪಾಲು, ಮನೆಯವರೆಲ್ಲ ಕುಡಿಯುತ್ತಾರೆ ಅಂತ ಅರ್ಥ ಅಲ್ಲ. ಧರ್ಮದಲ್ಲಿ ನಿಷೇಧ ಇರುವ ಮನೆಯನ್ನೂ ಬಿಡಬೇಡಿ. ಅಲ್ಲಿ ಇಲ್ಲ ಅನ್ನುವ ಉತ್ತರ ನಿಜವೇ ಇರಬಹುದು, ಬಹಳ ಸಲ ನಿಜವೇ. ಆದರೆ ಕೇಳದೆ "ಇಲ್ಲ" ಅಂತ ತುಂಬಿಸುವುದು ಮೋಸ. ಮಣಿಪಾಲವನ್ನು ಮಾತ್ರ ಬೇರೆ ಇಡಿ. ಅಲ್ಲಿನ ಹಾಸ್ಟೆಲ್ ಮಕ್ಕಳು ದೇಶದ ಎಲ್ಲ ಕಡೆಯವರು. ಅವರ ಉತ್ತರ ಸೇರಿಸಿ "ಉಡುಪಿಯ ಯುವತಿಯರು" ಅಂತ ಬರೆದರೆ ಓದಿದವರು ನಗುತ್ತಾರೆ.

ಯಾರ ಎದುರು ಕೇಳುತ್ತೀರಿ ಅನ್ನುವುದು ಪ್ರಶ್ನೆಗಿಂತ ದೊಡ್ಡದು. ಜಗಲಿಯಲ್ಲಿ ಗಂಡ, ಅತ್ತೆ, ಮಾವ ಎಲ್ಲ ಕೂತಿರುವಾಗ ಸೊಸೆಯನ್ನು ಕೇಳಿದೆ ಒಮ್ಮೆ, ಅವಳು ಬಾಯಿ ತೆರೆಯುವ ಮೊದಲೇ ಗಂಡ "ನಮ್ಮ ಮನೆಯ ಹೆಂಗಸರಿಗೆ ಅದೆಲ್ಲ ಇಲ್ಲ" ಅಂದ, ಅವಳು ನೆಲ ನೋಡಿದಳು, ನಾನು ಪೆದ್ದಿಯ ಹಾಗೆ ಅದನ್ನೇ ಬರೆದುಕೊಂಡೆ. ಆಮೇಲಿಂದ ಇಬ್ಬರು ಹೋಗತೊಡಗಿದೆವು. ಜೊತೆಗಿದ್ದ ಹುಡುಗ ಜಗಲಿಯಲ್ಲಿ ಗಂಡಸರನ್ನು ಮಾತಿಗೆ ಹಿಡಿದುಕೊಳ್ಳುತ್ತಿದ್ದ, ನಾನು "ಒಂದು ಗ್ಲಾಸ್ ನೀರು" ಅಂತ ಒಳಗೆ ಹೋಗುತ್ತಿದ್ದೆ. ಬಾವಿಕಟ್ಟೆ ಒಳ್ಳೆಯದು. ಎಲ್ಲಕ್ಕಿಂತ ಒಳ್ಳೆಯದು ಬೀಡಿ ಕಟ್ಟುವ ಹೊತ್ತು. ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಎಲೆ ಸುರುಳಿ ಮಾಡುತ್ತ ಕೂತವರು ನಿಮ್ಮ ಮುಖ ನೋಡಬೇಕಾಗಿಲ್ಲ, ಕೈ ತನ್ನಷ್ಟಕ್ಕೆ ಓಡುತ್ತಿರುತ್ತದೆ, ಮಾತೂ ಹಾಗೆಯೇ ಹೊರಗೆ ಬರುತ್ತದೆ. ಫಾರಂ ಕೈಯಲ್ಲಿ ಹಿಡಿಯಬೇಡಿ, ಮನೆ ದಾಟಿ ಬಂದ ಮೇಲೆ ತುಂಬಿಸಿ. ಆದರೆ ಇದು ಸರ್ವೆ ಅಂತ ಮೊದಲೇ ಹೇಳಿ, ಒಪ್ಪಿಗೆ ಕೇಳಿಯೇ ಮಾತು ಶುರು ಮಾಡಿ. ಕದ್ದು ಕೇಳಿದ್ದು ಸರ್ವೆ ಅಲ್ಲ, ಚಾಡಿ. ಕಾಲೇಜಿನ ನೈತಿಕ ಸಮಿತಿಯ ಅನುಮತಿಯೂ ಬೇಕು.

ಮಂಗಳೂರಿನ ಹುಡುಗಿಯರು ಬಾಯಿ ಬಿಡದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. 2009ರ ಜನವರಿಯಲ್ಲಿ ಇಲ್ಲಿನ ಪಬ್ ಒಂದಕ್ಕೆ ನುಗ್ಗಿ ಹುಡುಗಿಯರನ್ನು ಹೊಡೆದದ್ದನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. ಆಗ ಪ್ರೈಮರಿ ಶಾಲೆಯಲ್ಲಿದ್ದವರು ಈಗ ನಿಮ್ಮ ಫಾರಂ ತುಂಬಿಸುವ ವಯಸ್ಸಿನವರು. ಮರೆತಿರುವುದಿಲ್ಲ, ಅವರ ಅಮ್ಮಂದಿರಂತೂ ಖಂಡಿತ ಮರೆತಿಲ್ಲ. ಅವರಿಗೆ ಫಾರಂ ಕೊಟ್ಟು, ಹೆಸರಿಲ್ಲದೆ ತುಂಬಿಸಿ ಡಬ್ಬಿಗೆ ಹಾಕಲು ಹೇಳುವುದೇ ಸರಿ.

ಕಾಲವೂ ನೋಡಬೇಕು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ರಜೆ. ಆಗ ಮಲ್ಪೆಯಲ್ಲಿ ಗಂಡಸರು ಮನೆಯಲ್ಲಿ, ಕೈಯಲ್ಲಿ ದುಡ್ಡು ಕಡಿಮೆ. ಆಗಸ್ಟಿನಲ್ಲಿ ಕೇಳಿದರೆ ಬೇರೆಯೇ ಉತ್ತರ. ನವೆಂಬರಿನಿಂದ ಅಯ್ಯಪ್ಪ ಮಾಲೆ ಹಾಕಿದವರು ವ್ರತದಲ್ಲಿ ಇರುತ್ತಾರೆ, ಈಸ್ಟರ್ ಮೊದಲಿನ ಉಪವಾಸದ ನಲವತ್ತು ದಿನ ಎಷ್ಟೋ ಕ್ರೈಸ್ತರು ಬಿಟ್ಟಿರುತ್ತಾರೆ. "ಕಳೆದ ತಿಂಗಳು" ಅಂತ ಕೇಳಿದರೆ ಸಿಕ್ಕಿಬೀಳುತ್ತೀರಿ. "ಕಳೆದ ಹನ್ನೆರಡು ತಿಂಗಳು" ಅಂತ ಕೇಳಿ.

ಈಗ ಅಳತೆ. ಇಲ್ಲಿ ಎಲ್ಲರೂ ಎಡವುತ್ತಾರೆ, ಸ್ವಲ್ಪ ನಿಧಾನ ಓದಿ. "ಒಂದು ಪೆಗ್" ಅಂದರೆ 30 ಎಂಎಲ್ಲಾ 60ಆ? "ಒಂದು ನೈಂಟಿ" ಅಂದವನು ಅದನ್ನು ಒಬ್ಬನೇ ಮುಗಿಸಿದನಾ ಹಂಚಿಕೊಂಡನಾ? ಎಲ್ಲವನ್ನೂ ಶುದ್ಧ ಆಲ್ಕೋಹಾಲಿನ ಗ್ರಾಂಗೆ ಇಳಿಸಿದರೆ ಮಾತ್ರ ಹೋಲಿಸಬಹುದು. ಲೆಕ್ಕ ಸುಲಭ: ಎಷ್ಟು ಎಂಎಲ್, ಅದರಲ್ಲಿ ನೂರಕ್ಕೆ ಎಷ್ಟು ಆಲ್ಕೋಹಾಲ್, ಅದನ್ನು 0.789ರಿಂದ ಗುಣಿಸಿ. ನಮ್ಮ ವಿಸ್ಕಿ ಬ್ರಾಂಡಿ ಬಾಟಲಿ ಮೇಲೆ 42.8 ಅಂತ ಇರುತ್ತದೆ. 30 ಎಂಎಲ್ ಅಂದರೆ ಸುಮಾರು 10 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಒಂದು ಡ್ರಿಂಕ್ ಅನ್ನುವುದೂ 10 ಗ್ರಾಂಗೇ, ಅದು ನಮ್ಮ ಪುಣ್ಯ. ಹಾಗಾಗಿ ನೈಂಟಿ ಅಂದರೆ ಮೂರು ಡ್ರಿಂಕ್, 180ರ ಕ್ವಾರ್ಟರ್ ಅಂದರೆ ಆರು. 650 ಎಂಎಲ್ ಬಿಯರ್, ನೂರಕ್ಕೆ 5 ಇದ್ದರೆ 25 ಗ್ರಾಂ ಮೇಲೆ, ಸ್ಟ್ರಾಂಗ್ 8 ಇದ್ದರೆ 41. "ಬಿಯರ್ ಮಾತ್ರ ಮಾರಾಯ್ರೆ" ಅನ್ನುವವರು ಒಂದು ಸ್ಟ್ರಾಂಗ್ ಬಾಟಲಿಗೆ ನಾಲ್ಕು ಸ್ಮಾಲ್ (30 ಎಂಎಲ್ ಪೆಗ್) ಹಾಕಿದ ಹಾಗಾಯಿತು.

ಶೇಂದಿ, ಮನೆ ವೈನ್‌ಗೆ ಲೇಬಲ್ ಇಲ್ಲ. ಬೆಳಿಗ್ಗೆ ಇಳಿಸಿದ ಶೇಂದಿ ಸಿಹಿ, ಸಂಜೆಗೆ ಅದೇ ಹುಳಿ ಬಂದು ಜೋರಾಗಿರುತ್ತದೆ. ಹೊತ್ತು ಕೇಳಿ ಬರೆದುಕೊಳ್ಳಿ. ನೂರಕ್ಕೆ 5 ಅಂತ ಇಟ್ಟುಕೊಂಡರೆ ಹೆಚ್ಚು ತಪ್ಪಾಗುವುದಿಲ್ಲ. ಸಕ್ಕರೆ, ಯೀಸ್ಟ್ ಹಾಕಿ ತಿಂಗಳುಗಟ್ಟಲೆ ಇಟ್ಟ ವೈನ್‌ಗೆ 12 ಇಟ್ಟುಕೊಳ್ಳಿ. ಗ್ಲಾಸಿನ ಗಾತ್ರಕ್ಕೆ ನನ್ನದೊಂದು ಉಪಾಯ, ಕೆಮ್ಮಿನ ಸಿರಪ್ಪಿನ ಜೊತೆ ಬರುವ ಗೆರೆ ಇರುವ ಮುಚ್ಚಳ ಚೀಲದಲ್ಲಿ ಇಟ್ಟುಕೊಳ್ಳುವುದು. "ನೀವು ತೆಗೆದುಕೊಳ್ಳುವ ಲೋಟದಲ್ಲಿ ಎಷ್ಟು ತನಕ, ನೀರು ಹಾಕಿ ತೋರಿಸಿ" ಅನ್ನಬೇಕು, ಆಮೇಲೆ ಆ ನೀರನ್ನು ಮುಚ್ಚಳದಲ್ಲಿ ಅಳೆಯಬೇಕು. ಶಿರ್ವಕ್ಕೆ ಎರಡನೇ ಸಲ ಹೋಗಿ ಅಜ್ಜಿಯ ಸ್ಟೀಲ್ ಲೋಟ ಅಳೆದೆ. 150 ಎಂಎಲ್ ಬಂತು. 14 ಗ್ರಾಂ. ಮದ್ಯಪಾನ ಮಾಡದ ಅಜ್ಜಿ ಊಟದ ಮೊದಲು ಒಂದೂವರೆ ಸ್ಮಾಲ್ ಹಾಕುತ್ತಿದ್ದರು!

ಗ್ರಾಂ ಬಂದ ಮೇಲೂ ಗಂಡಸಿನ ಹತ್ತು, ಹೆಂಗಸಿನ ಹತ್ತು ಒಂದೇ ಅಲ್ಲ. ಹೆಂಗಸರ ದೇಹದಲ್ಲಿ ನೀರಿನ ಪಾಲು ಕಡಿಮೆ, ಆಲ್ಕೋಹಾಲ್ ನೀರಿನಲ್ಲೇ ಹರಡುವುದು. ಹೊಟ್ಟೆಯಲ್ಲೇ ಅದನ್ನು ಒಂದಿಷ್ಟು ಒಡೆಯುವ ಕಿಣ್ವವೂ ಹೆಂಗಸರಲ್ಲಿ ಸಾಮಾನ್ಯವಾಗಿ ಕಡಿಮೆ. ಒಂದೇ ತೂಕದ ಗಂಡ ಹೆಂಡತಿ ಒಂದೇ ಅಳತೆ ತೆಗೆದುಕೊಂಡರೂ ಅವಳ ರಕ್ತದಲ್ಲಿ ಜಾಸ್ತಿ ಏರುತ್ತದೆ. ಲಿವರ್‌ಗೆ ಪೆಟ್ಟು ಬೀಳುವುದೂ ಬೇಗ. ಹಾಗಾಗಿಯೇ ಆಡಿಟ್-ಸಿ ಅನ್ನುವ ಮೂರು ಪ್ರಶ್ನೆಯ ಪರೀಕ್ಷೆಯಲ್ಲಿ ಗಂಡಸಿಗೆ 4 ಅಂಕ ಬಂದರೆ ಅಪಾಯ ಅಂತ ಲೆಕ್ಕ, ಹೆಂಗಸಿಗೆ 3ಕ್ಕೇ.

ಈ ರೆಡಿಮೇಡ್ ಪರೀಕ್ಷೆಗಳ ಬಗ್ಗೆ ನನಗೊಂದು ತಕರಾರು ಉಂಟು. ಗೈಡ್‌ಗಳು ಸಾಮಾನ್ಯವಾಗಿ ಎರಡು ಹೆಸರು ಹೇಳುತ್ತಾರೆ. ಒಂದು ಕೇಜ್, ನಾಲ್ಕೇ ಪ್ರಶ್ನೆ: ಕಡಿಮೆ ಮಾಡಬೇಕು ಅನ್ನಿಸಿದೆಯಾ, ಬೇರೆಯವರು ಟೀಕಿಸಿದಾಗ ಕಿರಿಕಿರಿ ಆಗಿದೆಯಾ, ತಪ್ಪು ಮಾಡಿದೆ ಅನ್ನಿಸಿದೆಯಾ, ಬೆಳಿಗ್ಗೆ ಎದ್ದ ಕೂಡಲೇ ಬೇಕಾಗಿದೆಯಾ. ಎರಡಕ್ಕೆ ಹೌದು ಅಂದರೆ ಅನುಮಾನ ಪಡಬೇಕು. ಇನ್ನೊಂದು ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್, ಹತ್ತು ಪ್ರಶ್ನೆ, 40 ಅಂಕ, 8 ಅಥವಾ ಹೆಚ್ಚು ಬಂದರೆ ಎಚ್ಚರ. ಅದರಲ್ಲೂ ಏಳನೆಯದು ಪಶ್ಚಾತ್ತಾಪದ್ದು, ಹತ್ತನೆಯದು ಬೇರೆಯವರು ಚಿಂತೆ ಮಾಡಿದ್ದಾರಾ ಅನ್ನುವುದು.

ಈಗ ನಮ್ಮೂರಲ್ಲಿ ಕೇಜ್ ಹಾಕಿ ನೋಡಿ. ಸುರತ್ಕಲ್ ಕಡೆಯ ಒಬ್ಬಳು ಹುಡುಗಿ, ವರ್ಷಕ್ಕೆ ಎರಡು ಸಲ ಗೆಳತಿಯ ರೂಮಿನಲ್ಲಿ ಅರ್ಧ ಗ್ಲಾಸ್ ಬಿಯರ್. ಅಣ್ಣನಿಗೆ ಗೊತ್ತಾಗಿ ಬೈದಿದ್ದಾನೆ, ಕಿರಿಕಿರಿ ಆಗಿದೆ. ಅಮ್ಮನ ಮುಖ ನೋಡಲು ತಪ್ಪಿತಸ್ಥ ಭಾವನೆ. ಎರಡು ಹೌದು. ಅವಳು ಅನುಮಾನದ ಪಟ್ಟಿಗೆ. ಅದೇ ಅಣ್ಣ ದಿನಾ ರಾತ್ರಿ ಒಂದು ಕ್ವಾರ್ಟರ್. ಯಾರೂ ಏನೂ ಹೇಳುವುದಿಲ್ಲ, ಪಾಪ ಇಡೀ ದಿನ ದುಡಿದು ಬರುತ್ತಾನೆ ಅಂತ ಅಮ್ಮನೇ ಮೀನು ಹುರಿದು ಕೊಡುತ್ತಾಳೆ. ಕಿರಿಕಿರಿ ಇಲ್ಲ, ಪಶ್ಚಾತ್ತಾಪ ಇಲ್ಲ, ಕಡಿಮೆ ಮಾಡಬೇಕು ಅಂತ ಅನ್ನಿಸಿಯೇ ಇಲ್ಲ. ಸೊನ್ನೆ. ಪಶ್ಚಾತ್ತಾಪದ ಪ್ರಶ್ನೆ ಅಳೆಯುವುದು ಮದ್ಯವನ್ನಲ್ಲ, ಮನೆಯವರ ಬಾಯಿಯನ್ನು. ಇದನ್ನು ಬಳಸಲೇಬೇಡಿ ಅನ್ನುತ್ತಿಲ್ಲ. ಆದರೆ ಗಂಡು ಹೆಣ್ಣನ್ನು ಹೋಲಿಸುವಾಗ ಮೊತ್ತದ ಅಂಕ ಮಾತ್ರ ಹಿಡಿಯಬೇಡಿ. ಎಷ್ಟು, ಎಷ್ಟು ಸಲ ಅನ್ನುವ ಪ್ರಶ್ನೆಗಳ ಅಂಕ ಒಂದು ಕಾಲಂನಲ್ಲಿ, ನಾಚಿಕೆ ಟೀಕೆಗಳ ಅಂಕ ಇನ್ನೊಂದರಲ್ಲಿ ಹಾಕಿ. ಎರಡು ಕಾಲಂ ಪಕ್ಕಪಕ್ಕ ಇಟ್ಟು ನೋಡಿದಾಗ ಪ್ರಾಜೆಕ್ಟಿನಲ್ಲಿ ಹೇಳಲು ಏನಾದರೂ ಸಿಗುತ್ತದೆ, ಇಲ್ಲದಿದ್ದರೆ ಸುಮ್ನೆ ಪೈ ಚಾರ್ಟ್.

ಇನ್ನೊಂದು ಕಾಲಂ ಕೂಡ ಬೇಕು. ಹೆಂಗಸರ ಮತ್ತು ಮದ್ಯದ ಸಂಬಂಧ ಅಂದರೆ ಅವರು ಕುಡಿಯುವುದು ಮಾತ್ರ ಅಲ್ವಲ್ಲ. ಬೇರೆಯವರು ಕುಡಿದದ್ದರ ಬಿಲ್ ಕಟ್ಟುವುದೂ ಅವರೇ. ಬೀಡಿ ಮಜೂರಿಯಿಂದ ಎಷ್ಟು ಹೋಯಿತು, ಸ್ವಸಹಾಯ ಸಂಘದ ಸಾಲದಿಂದ ಎಷ್ಟು ಹೋಯಿತು, ಇದನ್ನು ಕೇಳಿ. ಧರ್ಮಸ್ಥಳದವರ ಮದ್ಯವರ್ಜನ ಶಿಬಿರಗಳಿಗೆ ಗಂಡನನ್ನು ಯಾರು ಕಳಿಸಿದ್ದು ಅಂತ ವಿಚಾರಿಸಿ, ನಾನು ಮಾತಾಡಿಸಿದ ಮನೆಗಳಲ್ಲೆಲ್ಲ ಹೆಂಡತಿಯೇ. 2007ರ ಜುಲೈಯಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಾಗ ಹೆಚ್ಚು ಖುಷಿಪಟ್ಟವರೂ ಅವರೇ, ಆ ಖುಷಿ ಎಷ್ಟು ದಿನ ಉಳಿಯಿತು ಅನ್ನುವುದನ್ನೂ ಅವರೇ ಹೇಳುತ್ತಾರೆ. ಪೆಟ್ಟಿನ ಮಾತು ಬಂದರೆ ಪೆನ್ ಕೆಳಗಿಡಿ. ಗಂಡ ಆಗಾಗ ಕುಡಿದು ಅಮಲೇರಿಸಿಕೊಳ್ಳುವ ಮನೆಗಳಲ್ಲಿ ಹೆಂಡತಿ ಹಿಂಸೆ ಅನುಭವಿಸುವುದು ಕುಡಿಯದವರ ಮನೆಗಿಂತ ಸುಮಾರು ಮೂರು ಪಟ್ಟು ಜಾಸ್ತಿ ಅಂತ ಅದೇ ಕುಟುಂಬ ಸಮೀಕ್ಷೆ ಹೇಳುತ್ತದೆ. ಕೆದಕಬೇಡಿ, ಗಂಡನಿಗೆ ಬುದ್ಧಿ ಹೇಳಲು ಹೋಗಬೇಡಿ. ಮಹಿಳಾ ಸಹಾಯವಾಣಿ 181, ಮಾನಸಿಕ ಆರೋಗ್ಯಕ್ಕೆ ಟೆಲಿ-ಮಾನಸ್ 14416, ಕುಡಿತ ಬಿಡಲು ಸಹಾಯ ಬೇಕಾದರೆ 14446. ಈ ಮೂರು ನಂಬರನ್ನು ಸಣ್ಣ ಚೀಟಿಯಲ್ಲಿ ಬರೆದು ಎಲ್ಲರಿಗೂ ಕೊಡಿ, ಗಂಡಸರಿಗೂ ಕೊಡಿ, ಆಗ ಯಾರಿಗೆ ಯಾಕೆ ಕೊಟ್ಟಿರಿ ಅಂತ ಸಂಶಯ ಬರುವುದಿಲ್ಲ. ಗರ್ಭಿಣಿ ಇದ್ದ ಮನೆಯಲ್ಲಿ "ವೈನ್ ಆದರೆ ತೊಂದರೆ ಇಲ್ಲ" ಅಂತ ಯಾರಾದರೂ ಹೇಳಿದರೆ ಮಾತ್ರ ಸುಮ್ಮನಿರಬೇಡಿ. ಮದ್ಯ ಹೊಟ್ಟೆಯಲ್ಲಿರುವ ಮಗುವಿಗೂ ತಲುಪುತ್ತದೆ, ಆಗ ಒಂದು ಹನಿಯೂ ಬೇಡ.

ಬರೆಯುವಾಗ ಊರಿನ ಹೆಸರು ಮತ್ತು ಜಾತಿ ಎರಡನ್ನೂ ಒಂದೇ ಸಾಲಲ್ಲಿ ಹಾಕಬೇಡಿ. ಸಣ್ಣ ಊರಲ್ಲಿ ಆ ಜಾತಿಯದ್ದು ನಾಲ್ಕೇ ಮನೆ ಇರುತ್ತದೆ, ಓದಿದವರಿಗೆ ಯಾರು ಅಂತ ಗೊತ್ತಾಗಿಬಿಡುತ್ತದೆ. ಫಾರಂನಲ್ಲಿ ನಂಬರ್ ಮಾತ್ರ ಇರಲಿ, ಯಾವ ನಂಬರ್ ಯಾವ ಮನೆ ಅನ್ನುವ ಪಟ್ಟಿ ಬೇರೆ ನೋಟ್‌ಬುಕ್ಕಿನಲ್ಲಿ. ಪ್ರಾಜೆಕ್ಟ್ ಮುಗಿದ ಮೇಲೆ ನಾನು ಆ ನೋಟ್‌ಬುಕ್ಕನ್ನು ನಮ್ಮ ಬಚ್ಚಲೊಲೆಗೆ ಹಾಕಿದೆ. ನೀರು ಕಾಯಿಸುತ್ತಿದ್ದ ಅಮ್ಮ "ಇಷ್ಟು ಮನೆ ತಿರುಗಿದೆ, ನನ್ನ ಹತ್ತಿರ ಕೇಳಲೇ ಇಲ್ಲ ನೀನು" ಅಂದರು. ಕೇಳಿದೆ. ಉತ್ತರ ಇಲ್ಲಿ ಬರೆಯುವುದಿಲ್ಲ, ಅವರ ಒಪ್ಪಿಗೆ ಇಲ್ಲ.